ಅತ್ತೆಗೆ ಸೊಂಟದ ಕೀಲು ಬದಲಾಯಿಸಿದ್ದಾರೆ, ಈ ಮಳೇಲಿ ಹಳೇ ಮನೆಗೆ ಕರ್ಕೊಂಡು ಬರ್ತಿದ್ದೀವಿ. ಏನೇನು ಸಿದ್ಧ ಮಾಡ್ಕೊಬೇಕು?

ನಾಪೋಕ್ಲು ಸೊಸೆ · ಜುಲೈ 16

ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ 72 ವರ್ಷ. ಹೋದ ವಾರ ಹಿಂದಿನ ಅಂಗಳದಲ್ಲಿ ಪಾಚಿ ಮೇಲೆ ಕಾಲು ಜಾರಿ ಬಿದ್ದು ಬಲಗಡೆ ಸೊಂಟದ ಹತ್ರ ತೊಡೆಮೂಳೆ ಮುರೀತು. ಮೈಸೂರಲ್ಲಿ ಆಪರೇಷನ್ ಮಾಡಿ ಕೀಲನ್ನೇ ಬದಲಾಯಿಸಿದ್ದಾರೆ. ನಾಡಿದ್ದು ಡಿಸ್ಚಾರ್ಜ್.

ಕೈಗೊಂದು ಹಾಳೆ ಕೊಟ್ಟಿದ್ದಾರೆ. ತಗ್ಗಾದ ಕಡೆ ಕೂರಬಾರದು, ವೆಸ್ಟರ್ನ್ ಟಾಯ್ಲೆಟ್ ಬಳಸಬೇಕು, ಜಾರೋ ನೆಲ ಇರಬಾರದು, ಮೆಟ್ಟಿಲು ಆದಷ್ಟು ಕಡಿಮೆ. ಓದಿ ನಗು ಬಂತು. ನಮ್ಮದು ಹಳೇ ತೋಟದ ಮನೆ. ಅಂಗಳದಿಂದ ಜಗಲಿಗೆ ಕಲ್ಲಿನ ಮೆಟ್ಟಿಲು, ಒಳಗೆ ಬಾಗಿಲಿಗೊಂದು ದಪ್ಪ ಹೊಸ್ತಿಲು, ಕೆಂಪು ಸಿಮೆಂಟ್ ನೆಲ, ಬಚ್ಚಲುಮನೆ ಹಿಂದುಗಡೆ ಬೇರೆ, ಕಕ್ಕಸು ಅದರಾಚೆ. ಗಾಳಿ ಬಂದ್ರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದ್ರೆ ಟವರೂ ಹೋಗುತ್ತೆ. ಮೈದುನ ಬೆಂಗಳೂರಿನ ಫ್ಲ್ಯಾಟಿಗೆ ಕರ್ಕೊಂಡು ಹೋಗ್ತೀನಿ ಅಂತಾನೆ. ಅತ್ತೆ ಒಂದೇ ಮಾತು, ಸತ್ರೂ ಬದುಕಿದ್ರೂ ನನ್ನ ಮನೇಲೇ ಅಂತ.

ಇಲ್ಲೇ, ಮಲೆನಾಡಿನ ಮನೇಲಿ ಇದನ್ನ ನಿಭಾಯಿಸಿದವರು ಹೇಳಿ.

ರಿಟೈರ್ಡ್ ಸಿಸ್ಟರ್ · ಜುಲೈ 16

ಮೊದಲು ಒಂದು ವಿಷಯ ಕೇಳಿ ಬನ್ನಿ. ಡಿಸ್ಚಾರ್ಜಿಗೆ ಮುಂಚೆ ಡಾಕ್ಟರ ಹತ್ರ, ಹಿಂದಿನಿಂದ ಕುಯ್ದು ಮಾಡಿದ್ರಾ, ಮುಂದಿನಿಂದಾನಾ ಅಂತ ಕೇಳಿ. ಹಿಂದಿನಿಂದ ಮಾಡಿದ್ರೆ ಮೂರು ನಿಷೇಧ: ಸೊಂಟ 90 ಡಿಗ್ರಿಗಿಂತ ಜಾಸ್ತಿ ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಆ ಪಾದ ಒಳಕ್ಕೆ ತಿರುಗಬಾರದು. ಮುಂದಿನಿಂದ ಆದ್ರೆ ಬೇರೆ, ಕಾಲನ್ನ ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸೋದು ಅಪಾಯ. ಒರಳಲ್ಲಿ ಗುಂಡು ಕೂತ ಹಾಗೆ ಇರುತ್ತೆ ಹೊಸ ಕೀಲು, ಸುತ್ತಲಿನ ಮಾಂಸಖಂಡ ಕೂಡಿಕೊಳ್ಳೋ ತನಕ ತಪ್ಪು ಕೋನಕ್ಕೆ ತಿರುಗಿಸಿದ್ರೆ ಗುಂಡು ಹೊರಗೆ ಬರುತ್ತೆ. ಸಾಮಾನ್ಯವಾಗಿ 6 ರಿಂದ 12 ವಾರ ಈ ಕಟ್ಟುಪಾಡು. ನಿಮ್ಮವರಿಗೆ ಎಷ್ಟು ಅಂತ ಆಪರೇಷನ್ ಮಾಡಿದವರೇ ಹೇಳಬೇಕು.

ಇನ್ನೊಂದು, ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದಾ ಅಂತಾನೂ ಕೇಳಿ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ನೆಂಟರು ತಲೆಗೊಂದು ಮಾತು ಹೇಳ್ತಾರೆ, ಆಗ ತೋರಿಸೋಕೆ ಕಾಗದ ಬೇಕು.

ರೋಬಸ್ಟಾ ರೈತ · ಜುಲೈ 16

ನನಗೆ ಎರಡೂ ಕಡೆ ಆಗಿದೆ. ವಯಸ್ಸಾಗಿ ಅಲ್ಲ, ಎವಿಎನ್, ಅಂದ್ರೆ ತೊಡೆಮೂಳೆಯ ಗುಂಡಿಗೆ ರಕ್ತ ಹೋಗದೆ ಅದು ಸಾಯೋದು. ಬೇರೆ ಕಾಯಿಲೆಗೆ ತುಂಬ ಕಾಲ ಸ್ಟೆರಾಯ್ಡ್ ತಗೊಂಡಿದ್ದೆ.

ಟಾಯ್ಲೆಟ್ ವಿಷಯ ತಲೆ ಕೆಡಿಸ್ಕೊಬೇಡಿ. ಹೊರಗಿನ ಕಕ್ಕಸು ಮರೆತುಬಿಡಿ. ಕಮೋಡ್ ಚೇರ್ ಅಂತ ಸಿಗುತ್ತೆ, ಕೆಳಗೆ ಬಕೆಟ್ ಇರೋದು, ಕಾಲಿನ ಎತ್ತರ ಏರಿಸಿ ಇಳಿಸಬಹುದು. ಮಡಿಕೇರಿ, ಕುಶಾಲನಗರದ ಸರ್ಜಿಕಲ್ ಅಂಗಡೀಲಿ ವಿಚಾರಿಸಿ, ಬಾಡಿಗೆಗೂ ಕೇಳಿ ನೋಡಿ. ಮಲಗೋ ಕೋಣೇಲೇ ಒಂದು ಮೂಲೆಗೆ ಹಾಕಿ, ಸೀರೆ ಕಟ್ಟಿ ಮರೆ ಮಾಡಿ. ಅತ್ತೆ ಬೇಡ ಅಂತಾರೆ, ಮಲಗೋ ಕೋಣೇಲಿ ಅದೇನು ಅಸಹ್ಯ ಅಂತಾರೆ. ನಮ್ಮಮ್ಮ ನನಗೇ ಹಾಗಂದಿದ್ರು! ನಡುರಾತ್ರಿ ಮಳೇಲಿ ಟಾರ್ಚ್ ಹಿಡ್ಕೊಂಡು ಒಂದು ಸಲ ಹೊರಟು ನೋಡಿದ್ರೆ ಒಪ್ಪಿಕೊಳ್ತಾರೆ. ಹಾಗಂತ ಹೊರಡೋಕೆ ಬಿಡಬೇಡಿ ಮತ್ತೆ.

ಈಜಿ ಚೇರ್ ಇದ್ರೆ ಅಟ್ಟಕ್ಕೆ ಹಾಕಿ. ಪ್ರತಿ ತೋಟದ ಮನೇಲೂ ಒಂದಿರುತ್ತೆ, ಸೊಂಟಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ.

ಕುಶಾಲನಗರ ಫಿಸಿಯೋ · ಜುಲೈ 17

ಮೇಲಿನವರು ಹೇಳಿದ್ದು ಸರಿ. ಅಳತೆ ಹೇಗೆ ತೆಗೆಯೋದು ಅಂತ ಹೇಳ್ತೀನಿ, ಇದನ್ನ ಯಾರೂ ಮಾಡಲ್ಲ. ಅತ್ತೆಯವರು ಚಪ್ಪಲಿ ಹಾಕ್ಕೊಂಡು ನಿಂತಾಗ ನೆಲದಿಂದ ಮಂಡಿಯ ಹಿಂದಿನ ಮಡಿಕೆವರೆಗೆ ಟೇಪ್ ಹಿಡೀರಿ. ಅದಕ್ಕೆ 2 ಇಂಚಾದ್ರೂ ಸೇರಿಸಿ. ಮಂಚ, ಕುರ್ಚಿ, ಕಮೋಡ್ ಎಲ್ಲ ಅಷ್ಟು ಎತ್ತರ ಇರಬೇಕು. ಅದೂ ಕೂತ ಮೇಲಿನ ಎತ್ತರ. ಹತ್ತಿಯ ಹಾಸಿಗೆ ಎಷ್ಟು ಕುಗ್ಗುತ್ತೆ ಅಂತ ನೀವೇ ಕೂತು ನೋಡಿ ಅಳೀರಿ. ಕೂತಾಗ ಮಂಡಿಗಿಂತ ಸೊಂಟ ಮೇಲಿರಬೇಕು, ಅಷ್ಟೇ ಲೆಕ್ಕ.

ಕುರ್ಚಿಗೆ ಕೈ ಇರಲೇಬೇಕು. ಎದ್ದೇಳುವಾಗ ಆಪರೇಷನ್ ಆದ ಕಾಲು ಸ್ವಲ್ಪ ಮುಂದೆ ಚಾಚಿ, ಎರಡೂ ಕೈ ಕುರ್ಚಿಯ ಕೈ ಮೇಲೆ ಊರಿ ಏಳಬೇಕು. ವಾಕರ್ ಹಿಡಿದು ಎಳ್ಕೊಂಡು ಏಳಬಾರದು, ಅದು ಮೈಮೇಲೆ ಮಗುಚುತ್ತೆ. ಕೆಲವರು ಎರಡು ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು ಹಾಕ್ತಾರೆ. ಕೆಂಪು ಸಿಮೆಂಟ್ ನೆಲದ ಮೇಲೆ ಅದರ ಕಾಲು ಅಗಲವಾಗಿ ಜಾರೋದು ನೋಡಿದ್ದೀನಿ. ಮರದ ಕುರ್ಚಿಗೆ ಆಚಾರಿ ಹತ್ರ ಕಾಲಿನಡಿ ಮರದ ತುಂಡು ಹೊಡೆಸಿ.

ಹೊಸ್ತಿಲಿಗೆ ಎರಡೂ ಕಡೆ ಹಲಗೆಯ ಇಳಿಜಾರು ಮಾಡಿಸಿದ್ರೆ ವಾಕರ್ ಎತ್ತಿ ದಾಟೋ ಕಷ್ಟ ಇರಲ್ಲ. ಹಲಗೆ ಮೇಲೆ ಹಳೇ ರಬ್ಬರ್ ಮ್ಯಾಟ್ ಮೊಳೆ ಹೊಡೀರಿ. ಕಲ್ಲಿನ ಮೆಟ್ಟಿಲಿಗೆ ಒಂದು ಸೂತ್ರ: ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಮನೆಯವರು ಇಳಿಯುವಾಗ ಒಂದು ಮೆಟ್ಟಿಲು ಕೆಳಗೆ, ಹತ್ತುವಾಗ ಒಂದು ಮೆಟ್ಟಿಲು ಹಿಂದೆ ಇರಬೇಕು.

ವಾಕರ್ ಕಾಲಿನ ರಬ್ಬರ್ ಬುಷ್ ದಿನಾ ನೋಡಿ. ಈ ಮಳೆಗಾಲದಲ್ಲಿ ನೆಲ ಬೆವರುತ್ತೆ. ಬುಷ್ ಸವೆದು ನುಣ್ಣಗಾಗಿದ್ರೆ ಒದ್ದೆ ನೆಲದಲ್ಲಿ ಹಿಡಿಯಲ್ಲ, ಬದಲಾಯಿಸಿ.

ಬೆಂಗಳೂರಲ್ಲಿರೋ ಮಗ · ಜುಲೈ 17

ಮೈಸೂರಿಂದ ಬರೋ ದಾರಿ ಬಗ್ಗೆ ಯಾರೂ ಹೇಳಲಿಲ್ಲ. ಅಪ್ಪನನ್ನ ಕರ್ಕೊಂಡು ಬಂದಾಗ ನನಗೆ ಅದೇ ದೊಡ್ಡ ಚಿಂತೆ ಆಗಿತ್ತು. ಮೈಸೂರಿಂದ ಮಡಿಕೇರಿಗೇ 120 ಕಿ.ಮೀ. ಹತ್ತಿರ, ನಿಮಗೆ ಅಲ್ಲಿಂದ ಮುಂದೆ ತಿರುವು ಬೇರೆ. ತಗ್ಗು ಸೀಟಿನ ಸಣ್ಣ ಕಾರು ಬೇಡ, ಜೀಪೂ ಬೇಡ, ಹತ್ತೋಕಾಗಲ್ಲ. ಮಧ್ಯಮ ಎತ್ತರದ ಗಾಡಿ ಮಾಡ್ಕೊಳ್ಳಿ. ಮುಂದಿನ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಒರಗು ಸ್ವಲ್ಪ ಇಳಿಸಿ, ಗಟ್ಟಿ ದಿಂಬು ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಗಾಡಿಗೆ ಬೆನ್ನು ಮಾಡಿ ನಿಂತು ಮೊದಲು ಕೂರೋದು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ಪ್ಲಾಸ್ಟಿಕ್ ಮೇಲೆ ಮೈ ಸಲೀಸಾಗಿ ತಿರುಗುತ್ತೆ. ಹೊರಡೋ ಮೊದಲು ಆ ಹಾಳೆ ತೆಗೀರಿ, ಇಲ್ದಿದ್ರೆ ಬ್ರೇಕ್ ಹಾಕಿದಾಗ ಜಾರ್ತಾರೆ.

ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ಮೂರು ಕಡೆ ನಿಲ್ಲಿಸಿ, ಇಳಿಸಿ ನಾಲ್ಕು ಹೆಜ್ಜೆ ನಡೆಸಿ. ಹೊರಡೋಕೆ ಮುಂಚೆ ನೋವಿನ ಮಾತ್ರೆಯ ಹೊತ್ತು ನೋಡ್ಕೊಳ್ಳಿ.

ಸೋಮವಾರಪೇಟೆ ಮಾವ · ಜುಲೈ 17

ಇಷ್ಟೆಲ್ಲ ಯಾಕಮ್ಮ? ನಮ್ಮ ಕಾಲದಲ್ಲಿ ಮೂಳೆ ಮುರಿದರೆ ಮೂರು ತಿಂಗಳು ಹಾಸಿಗೆ. ಈಗಿನ ಡಾಕ್ಟರುಗಳು ಮಾರನೇ ದಿನವೇ ನಡೆಸುತ್ತಾರೆ, ಆಸ್ಪತ್ರೆಯಲ್ಲಿ ಮಂಚ ಖಾಲಿ ಆಗಬೇಕಲ್ಲ! ಮುದುಕಿಗೆ ವಿಶ್ರಾಂತಿ ಕೊಡಿ. ದಿನಾ ಬಿಸಿ ಎಣ್ಣೆ ಹಾಕಿ ಕಾಲು ತಿಕ್ಕಿಸಿ. ಗುಣವಾಗುತ್ತದೆ.

ರಿಟೈರ್ಡ್ ಸಿಸ್ಟರ್ · ಜುಲೈ 17

ಮಾವ, ನಿಮ್ಮ ಕಾಲದಲ್ಲಿ ಆ ಮೂರು ತಿಂಗಳಲ್ಲಿ ಎಷ್ಟು ಜನ ಎದ್ದು ಬಂದ್ರು, ಎಷ್ಟು ಜನ ಬೆನ್ನು ಹುಣ್ಣಾಗಿ, ಎದೇಲಿ ಕಫ ಕಟ್ಟಿ ಹೋದ್ರು ಅಂತ ನೆನಪು ಮಾಡ್ಕೊಳ್ಳಿ. ವಾರ್ಡಲ್ಲಿ ನಾನು ನೋಡಿದ್ದೀನಿ. ಮುರಿದ ಮೂಳೆ ಕೂಡೋಕೆ ಕಾಯಬೇಕಿತ್ತು, ಅದಕ್ಕೆ ಮಲಗಿಸ್ತಿದ್ರು. ಇಲ್ಲಿ ಮುರಿದ ಭಾಗ ತೆಗೆದು ಲೋಹದ್ದು ಕೂರಿಸಿದ್ದಾರೆ, ಕಾಯೋದು ಏನೂ ಇಲ್ಲ. ನಡೆಯೋದೇ ಔಷಧಿ.

ಎಣ್ಣೆ ತಿಕ್ಕೋದಂತೂ ಬೇಡವೇ ಬೇಡ. ಈ ಆಪರೇಷನ್ ಆದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಕೆಲವು ವಾರ ಇರುತ್ತೆ. ಅದಕ್ಕೇ ರಕ್ತ ತೆಳು ಮಾಡೋ ಮಾತ್ರೆ ಅಥವಾ ಇಂಜೆಕ್ಷನ್ ಕೊಡೋದು, ಹೆಚ್ಚಾಗಿ 35 ದಿನದವರೆಗೆ. ಹೆಪ್ಪು ಇರೋ ಮೀನಖಂಡ ತಿಕ್ಕಿದ್ರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಮಲಗಿದ್ದಾಗ ಪಾದ ಮೇಲೆ ಕೆಳಗೆ ಆಡಿಸೋದು, ಗಂಟೆಗೊಂದು ಸಲವಾದ್ರೂ. ಮೀನಖಂಡ ಒಂದೇ ಕಡೆ ಊದಿ ನೋವು ಬಂದ್ರೆ ಅವತ್ತೇ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದ ಹಾಗೆ ಏದುಸಿರು, ಎದೆನೋವು ಬಂದ್ರೆ 108.

ಸೋಮವಾರಪೇಟೆ ಮಾವ · ಜುಲೈ 17

ಆಯಿತು ಸಿಸ್ಟರ್. ಎಣ್ಣೆ ವಿಷಯ ನನಗೆ ತಿಳಿದಿರಲಿಲ್ಲ. ವಿಶ್ರಾಂತಿ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ನನಗಿರಲಿ.

ನಾಪೋಕ್ಲು ಸೊಸೆ · ಜುಲೈ 22

ಬಂದ್ವಿ. ದಾರಿ ಪರವಾಗಿಲ್ಲ. ಹಿಂದಿನಿಂದಲೇ ಕುಯ್ದಿರೋದು, ಪೂರ್ತಿ ಭಾರ ಹಾಕಬಹುದು ಅಂತ ಬರೆಸ್ಕೊಂಡೆ. ಆಚಾರಿ ಹೊಸ್ತಿಲಿಗೆ ಹಲಗೆ ಹೊಡೆದು ಕೊಟ್ಟಿದ್ದಾನೆ. ಅತ್ತೆಗೆ ಹೊಸ್ತಿಲ ಮೇಲೆ ಹಲಗೆ ಹೊಡೆದದ್ದು ಸುತರಾಂ ಇಷ್ಟ ಆಗಿಲ್ಲ. ಹೊಸ್ತಿಲಿಗೆ ತಾಗದ ಹಾಗೆ ಎರಡು ತುಂಡು ಬೇರೆ ಬೇರೆ ಇಟ್ಟಿದ್ದೀವಿ ಅಂತ ತೋರಿಸಿದ ಮೇಲೆ ಸುಮ್ಮನಾದ್ರು.

ಈಗ ಬೇರೆ ಭಯ. ಹಗಲು ಸರಿಯಾಗೇ ಇರ್ತಾರೆ. ಸಂಜೆ ಆದ್ರೆ ಗಲಿಬಿಲಿ. ನಿನ್ನೆ ರಾತ್ರಿ ಎದ್ದು ಕೂತು, ಕಣದಲ್ಲಿ ಕಾಫಿ ನೆನೀತಿದೆ, ಆಳು ಕರೀರಿ ಅಂತಾರೆ. ಜುಲೈಲಿ ಎಲ್ಲಿಯ ಕಾಫಿ? ನನ್ನನ್ನ ಅವರ ತಂಗಿ ಹೆಸರಲ್ಲಿ ಕರೆದ್ರು. ತಲೆಗೇನಾದ್ರೂ ಪೆಟ್ಟಾಗಿದೆಯಾ? ಮೊದಲು ಹೀಗೆ ಇರಲೇ ಇಲ್ಲ.

ರಿಟೈರ್ಡ್ ಸಿಸ್ಟರ್ · ಜುಲೈ 22

ಹೆದರಬೇಡಿ, ಆದ್ರೆ ಸುಮ್ಮನೂ ಇರಬೇಡಿ. ವಯಸ್ಸಾದವರಿಗೆ ಸೊಂಟ ಮುರಿದು ಆಪರೇಷನ್ ಆದ ಮೇಲೆ ಹೀಗೆ ಆಗೋದು ತುಂಬ ಸಾಮಾನ್ಯ. ಡೆಲಿರಿಯಂ ಅಂತಾರೆ. ಅರಳುಮರಳು ಅಲ್ಲ, ಬಹಳಷ್ಟು ಜನಕ್ಕೆ ಹೋಗಿಬಿಡುತ್ತೆ. ಕಾರಣ ಹುಡುಕಬೇಕು: ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆ ಆಗಿರೋದು, ರಕ್ತದಲ್ಲಿ ಸೋಡಿಯಂ ಇಳಿದಿರೋದು, ಟ್ರಮಡಾಲ್ ಥರದ ನೋವಿನ ಮಾತ್ರೆ. ಬಿದ್ದಾಗ ತಲೆಗೆ ತಾಗಿತ್ತಾ ಅನ್ನೋದನ್ನೂ ಡಾಕ್ಟರಿಗೆ ಹೇಳಿ, ರಕ್ತ ತೆಳು ಮಾಡೋ ಮಾತ್ರೆ ನಡೀತಿದೆಯಲ್ಲ. ನಾಳೆನೇ ತೋರಿಸಿ, ರಕ್ತ, ಮೂತ್ರ ಪರೀಕ್ಷೆ ಮಾಡಿಸಿ.

ಮನೇಲಿ ಕನ್ನಡಕ ಹಾಕಿಸಿ. ಕಿವಿ ಮೆಷಿನ್ ಇದ್ರೆ ಅದನ್ನೂ. ಹಗಲು ಮಂಚದಿಂದ ಎಬ್ಬಿಸಿ ಕಿಟಕಿ ಹತ್ರ ಕೂರಿಸಿ, ರಾತ್ರಿ ಸಣ್ಣ ದೀಪ ಇರಲಿ. ಇಲ್ಲದ ಕಾಫಿ ಬಗ್ಗೆ ವಾದ ಮಾಡಬೇಡಿ.

ಲೈನ್ ಮನೆ ಹುಡುಗಿ · ಜುಲೈ 23

ಅಕ್ಕ, ಇಲ್ಲೆಲ್ಲ ಆಚಾರಿ, ಮಂಚ ಅಂತಿದ್ದೀರಿ. ನಾವು ಎಸ್ಟೇಟ್ ಲೈನ್ ಮನೇಲಿ ಇರೋರು. ಒಂದು ಕೋಣೆ, ಒಂದು ಅಡುಗೆ ಮನೆ. ಅಮ್ಮನಿಗೆ ಆಪರೇಷನ್ ಆದಾಗ ಎಲ್ಲರೂ ನೆಲದಲ್ಲೇ ಮಲಗ್ತಿದ್ವಿ, ಮಂಚ ಇರಲಿಲ್ಲ. ಮೇಸ್ತ್ರಿ ಗೋದಾಮಿಂದ ಸಿಮೆಂಟ್ ಇಟ್ಟಿಗೆ, ಹಲಗೆ ಕೊಡಿಸಿದ್ರು, ಗೋಡೆಗೆ ಒತ್ತಿ ಮಂಚ ಮಾಡಿದ್ವಿ. ದುಡ್ಡಿನ ವಿಷಯಕ್ಕೆ ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಯ್ತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇರುತ್ತೆ. ಆಸ್ಪತ್ರೆ ಸೇರುವಾಗಲೇ ಕಾರ್ಡ್ ತೋರಿಸಿ ಕೇಳಬೇಕು, ಆಮೇಲೆ ಕೇಳಿದ್ರೆ ಕಷ್ಟ.

ಅಮ್ಮನಿಗೆ ಒಂದು ಸಲ ಕೀಲು ಜಾರಿತು. ಒಲೆ ಮುಂದೆ ಮೋಟು ಮಣೆ ಮೇಲೆ ಕೂತು ಸೌದೆ ಮುಂದಕ್ಕೆ ತಳ್ಳೋಕೆ ಬಗ್ಗಿದ್ರು. ಕಟಕ್ ಅಂತು, ಕಿರುಚಿದ್ರು. ಕಾಲು ಗಿಡ್ಡ ಆಗಿ ಮಂಡಿ ಒಳಕ್ಕೆ ತಿರುಗಿತ್ತು. ಪಕ್ಕದ ಮನೆಯವರು ನಾಟಿ ವೈದ್ಯರನ್ನ ಕರೆಸಿ ಎಳೆಸೋಣ ಅಂದ್ರು. ಅಣ್ಣ ಬಿಡಲಿಲ್ಲ. ಕಾಲು ಇದ್ದ ಹಾಗೇ ದಿಂಬು ಕೊಟ್ಟು, 108ಕ್ಕೆ ಫೋನ್ ಮಾಡಿ, ಬಾಯಿಗೆ ನೀರೂ ಹಾಕದೆ ಕರ್ಕೊಂಡು ಹೋದ್ವಿ. ಅರಿವಳಿಕೆ ಕೊಟ್ಟು ಕೂರಿಸಿದ್ರು, ಮತ್ತೆ ಕುಯ್ಯಲಿಲ್ಲ. ಅಡುಗೆ ಈಗ ನಿಂತ್ಕೊಂಡೇ, ಗ್ಯಾಸ್ ಕಟ್ಟೆ ಮೇಲೆ.

ಕುಶಾಲನಗರ ಫಿಸಿಯೋ · ಜುಲೈ 23

ನಿಮ್ಮಣ್ಣ ಮಾಡಿದ್ದು ನೂರಕ್ಕೆ ನೂರು ಸರಿ. ಬಾಯಿಗೆ ಏನೂ ಹಾಕದೆ ಹೋದದ್ದರಿಂದ ಅರಿವಳಿಕೆ ಕೊಡೋಕೆ ಕಾಯೋ ಸಮಯ ಉಳೀತು. ಬಗ್ಗೋದು ತಪ್ಪಿಸೋಕೆ ಕೈಗೆ ಉದ್ದ ಇಕ್ಕಳ ಇರಲಿ, ಬಿದ್ದ ಸಾಮಾನು ಹಿಡಿದು ಎತ್ತೋಕೆ. ವಾಕರಿಗೆ ಬಟ್ಟೆ ಚೀಲ ಕಟ್ಟಿ, ಫೋನು, ಟಾರ್ಚು, ಕನ್ನಡಕ ಅದರಲ್ಲಿರಲಿ.

ನಾಪೋಕ್ಲು ಸೊಸೆ · ಜುಲೈ 26

ಸಿಸ್ಟರ್, ಮೂತ್ರದ ಸೋಂಕು ಇತ್ತು. ಔಷಧಿ ಶುರು ಆದ ಮೇಲೆ ರಾತ್ರಿ ಮಲಗ್ತಿದ್ದಾರೆ. ನಿನ್ನೆ ನನ್ನ ಹೆಸರಲ್ಲೇ ಕರೆದು ಬೈದ್ರು. ಇಷ್ಟು ಖುಷಿ ಯಾವ ಬೈಗುಳಕ್ಕೂ ಆಗಿರಲಿಲ್ಲ. ಹೊಲಿಗೆ ಬಿಚ್ಚಿದ್ದಾರೆ, ಗಾಯ ಒಣಗಿದೆ.

ನೆಂಟರೆಲ್ಲ ಹಂದಿ ಮಾಂಸ ಕೊಡಬೇಡ, ನಂಜು ಅಂತಾರೆ. ಬದನೆಕಾಯಿ ಬೇಡ, ಮೊಟ್ಟೆ ಬೇಡ. ಕೊನೆಗೆ ಉಳಿಯೋದು ಗಂಜಿ.

ರಿಟೈರ್ಡ್ ಸಿಸ್ಟರ್ · ಜುಲೈ 26

ಗಾಯ ಮಾಯೋಕೆ, ಸೊರಗಿದ ತೊಡೆ ತುಂಬೋಕೆ ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಬೇಳೆ, ಮಾಂಸ ಯಾವುದೂ ಕೀವು ತರಲ್ಲ. ಕೀವು ತರೋದು ರೋಗಾಣು, ತೊಳೆಯದ ಕೈ, ಹತೋಟಿ ತಪ್ಪಿದ ಶುಗರ್. ಹಂದಿ ಮಾಂಸದ ಕೊಬ್ಬು, ಉಪ್ಪು ಅವರ ಬಿಪಿ, ಹೃದಯಕ್ಕೆ ಆಗುತ್ತಾ ಅನ್ನೋದು ಬೇರೆ ಪ್ರಶ್ನೆ. ಗಂಜಿ ಮೇಲೆ ಇಟ್ರೆ ಇನ್ನಷ್ಟು ಸೊರಗಿ ಮತ್ತೆ ಬೀಳ್ತಾರೆ. ಗಾಯ ಕೆಂಪಾಗಿ ಬಿಸಿ ಆದ್ರೆ, ನೀರು ಒಸರಿದ್ರೆ, ಜ್ವರ ಬಂದ್ರೆ ಆಪರೇಷನ್ ಮಾಡಿದವರಿಗೇ ತೋರಿಸಿ, ಊರಲ್ಲಿ ಆ್ಯಂಟಿಬಯಾಟಿಕ್ ನುಂಗಿಸಿ ಮುಚ್ಚಿ ಹಾಕಬೇಡಿ.

ನಾಪೋಕ್ಲು ಸೊಸೆ · ಆಗಸ್ಟ್ 4

ಯಾರಾದ್ರೂ ಬೇಗ ಹೇಳಿ. ನಿನ್ನೆ ಕಕ್ಕಡ 18, ಅಂದ್ರೆ ನಮ್ಮ ಕೊಡಗಲ್ಲಿ ಕಕ್ಕಡ ತಿಂಗಳ 18ನೇ ದಿನ, ಮದ್ದುಸೊಪ್ಪು ತಿನ್ನೋ ದಿನ. ಅತ್ತೆ ಹಠ ಹಿಡಿದು ಮದ್ದುಸೊಪ್ಪಿನ ಪಾಯಸ ಮಾಡಿಸ್ಕೊಂಡು ಒಂದು ಬಟ್ಟಲು ತಿಂದ್ರು. ಇವತ್ತು ಬೆಳಗ್ಗೆ ಕಮೋಡ್ ಬಕೆಟ್ ತೆಗೆದ್ರೆ ಕೆಂಪು. ಪಾಯಸ ತಿಂದ್ರೆ ಹೀಗಾಗುತ್ತೆ ಅಂತ ನನಗೂ ಗೊತ್ತು, ನನ್ನದೂ ಹಾಗೇ ಆಗಿದೆ. ಆದ್ರೆ ಅತ್ತೆ ರಕ್ತ ತೆಳು ಮಾಡೋ ಮಾತ್ರೇಲಿದ್ದಾರಲ್ಲ. ಇದು ಸೊಪ್ಪಾ, ರಕ್ತಾನಾ?

ರೋಬಸ್ಟಾ ರೈತ · ಆಗಸ್ಟ್ 4

ಅಯ್ಯೋ, ನಾನೂ ಮೊನ್ನೆ ಹೇಳಬೇಕಿತ್ತು ಅಂದ್ಕೊಂಡೆ, ಮರೆತೆ. ನಿನ್ನೆ ಪಾಯಸ ತಿಂದು ಜಿಲ್ಲೆಯ ಅರ್ಧ ಜನರದ್ದು ಇವತ್ತು ಕೆಂಪು.

ರಿಟೈರ್ಡ್ ಸಿಸ್ಟರ್ · ಆಗಸ್ಟ್ 4

ಬಹುಮಟ್ಟಿಗೆ ಸೊಪ್ಪಿಂದೇ. ಆದ್ರೆ ಬಣ್ಣ ನೋಡಿ ಊಹೆ ಮಾಡೋದು ಈ ಮಾತ್ರೇಲಿ ಇರೋರಿಗೆ ಸಲ್ಲದು. ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಈಗಲೇ ಡಾಕ್ಟರಿಗೆ ಫೋನ್ ಮಾಡಿ ಎರಡೂ ವಿಷಯ ಹೇಳಿ. ಹತ್ತಿರದ ಲ್ಯಾಬಿಗೆ ಮೂತ್ರ ಕೊಟ್ರೆ ಮೈಕ್ರೋಸ್ಕೋಪಲ್ಲಿ ರಕ್ತಕಣ ಇದೆಯಾ ಅಂತ ಗೊತ್ತಾಗುತ್ತೆ, ಸೊಪ್ಪಿನ ಬಣ್ಣದಲ್ಲಿ ರಕ್ತಕಣ ಇರಲ್ಲ. ಜೊತೆಗೆ ನೋಡಿ: ಮೂತ್ರದಲ್ಲಿ ಹೆಪ್ಪು ಇದೆಯಾ, ವಸಡಲ್ಲಿ ರಕ್ತ, ಮೈಮೇಲೆ ಹೊಸ ಕಪ್ಪು ಕಲೆ, ಮಲ ಡಾಂಬರಿನ ಬಣ್ಣ, ತಲೆಸುತ್ತು? ಇದರಲ್ಲಿ ಒಂದಿದ್ರೂ ಕಾಯದೆ ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ಹೊರಡಿ.

ನಾಪೋಕ್ಲು ಸೊಸೆ · ಆಗಸ್ಟ್ 4, ಸಂಜೆ

ಲ್ಯಾಬಲ್ಲಿ ನೋಡಿದ್ರು, ರಕ್ತಕಣ ಇಲ್ಲ. ಮಧ್ಯಾಹ್ನದಿಂದ ಬಣ್ಣವೂ ತಿಳಿಯಾಗಿದೆ. ಮುಂದಿನ ವರ್ಷದವರೆಗೆ ಪಾಯಸ ಇಲ್ಲ ಅಂದೆ. ಹೇಗೂ ವರ್ಷಕ್ಕೊಂದೇ ಸಲ ಅಲ್ವಾ ಅಂತ ಅತ್ತೆ ನಕ್ಕರು.

ಸೋಮವಾರಪೇಟೆ ಮಾವ · ಆಗಸ್ಟ್ 5

ಆ ದಿನ ಸೊಪ್ಪಿನಲ್ಲಿ 18 ಔಷಧಿ ಸೇರಿರುತ್ತದೆ ಎನ್ನುತ್ತಾರೆ. ಮನೆಯಲ್ಲಿ ಹತ್ತೊಂಬತ್ತನೆಯದು ಇದ್ದರೆ ಡಾಕ್ಟರನ್ನು ಕೇಳಿ ತಿನ್ನಬೇಕು ಎಂದು ಈಗ ಒಪ್ಪುತ್ತೇನೆ.

ಕುಶಾಲನಗರ ಫಿಸಿಯೋ · ಆಗಸ್ಟ್ 5

ಒಂದು ಮಾತು ಯಾರೂ ಎತ್ತಿಲ್ಲ. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಸೊಂಟ ಮುರಿದಿದೆ ಅಂದ್ರೆ ಮೂಳೆ ಟೊಳ್ಳಾಗಿದೆ ಅಂತ ಅರ್ಥ. ಕೀಲು ಬದಲಾಯಿಸಿದ್ರೆ ಆ ಕಾಯಿಲೆ ಹೋಗಲ್ಲ, ಎಡಗಡೆ ಸೊಂಟ ಹಾಗೇ ಇದೆ. ಮುಂದಿನ ಸಲ ತೋರಿಸುವಾಗ ಆಸ್ಟಿಯೋಪೊರೋಸಿಸ್ ಔಷಧಿ, ವಿಟಮಿನ್ ಡಿ, ಕ್ಯಾಲ್ಸಿಯಂ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ಎಷ್ಟೋ ಡಿಸ್ಚಾರ್ಜ್ ಚೀಟಿಯಲ್ಲಿ ಇದು ಇರೋದೇ ಇಲ್ಲ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಬಿಸಿಲು ಕಾಣೋದೇ ಅಪರೂಪ.

ಹಿಂದಿನ ಅಂಗಳದ ಪಾಚಿಗೂ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ.

ನಾಪೋಕ್ಲು ಸೊಸೆ · ಸೆಪ್ಟೆಂಬರ್ 1

ಚೆಕಪ್‌ಗೆ ಹೋಗಿ ಬಂದ್ವಿ. ಎಕ್ಸರೇ ಚೆನ್ನಾಗಿದೆ. ಮೂಳೆಗೆ ಔಷಧಿ ಕೇಳಿದೆ, ಬರೆದುಕೊಟ್ರು. ವಾಕರ್ ಬಿಟ್ಟು ಕೋಲು ಹಿಡೀಬಹುದಂತೆ. ಅತ್ತೆ ಬಲಗೈಯಲ್ಲಿ ಹಿಡೀತಾರೆ, ನೋವಿದ್ದದ್ದು ಬಲಗಾಲಲ್ವಾ?

ಕುಶಾಲನಗರ ಫಿಸಿಯೋ · ಸೆಪ್ಟೆಂಬರ್ 1

ಎಡಗೈಯಲ್ಲಿ. ಬಲಗಾಲು ಮುಂದಿಡುವಾಗ ಎಡಗೈಯ ಕೋಲೂ ಮುಂದೆ ಹೋಗಬೇಕು. ಆಗ ಸೊಂಟದ ಮೇಲಿನ ಭಾರ ಕಡಿಮೆ ಆಗುತ್ತೆ. ಎಲ್ಲರೂ ಇದನ್ನ ತಿರುಗಾಮುರುಗಾ ಮಾಡ್ತಾರೆ.

ರೋಬಸ್ಟಾ ರೈತ · ಸೆಪ್ಟೆಂಬರ್ 2

ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ, ಕೈಲ್ ಪೊಳ್ದ್ ಬಂತಲ್ಲ. ಅತ್ತೆ ಕುರ್ಚೀಲಿ ಕೂತಿರಲಿ, ಕಾಲಿಗೆ ಬೀಳೋರು ಬೀಳಲಿ, ಅವರಿಗೇನೂ ತೊಂದರೆ ಇಲ್ಲ. ನನ್ನ ಕಷ್ಟ ಬೇರೆ. ಮದುವೆ ಮನೇಲಿ ಹಿರಿಯರ ಕಾಲಿಗೆ ಬಗ್ಗೋಕಾಗಲ್ಲ. ಮೊದಮೊದಲು ಮುಖ ದಪ್ಪ ಮಾಡ್ಕೊಂಡ್ರು, ಈಗ ನಿಂತೇ ಕೈ ಮುಗೀತೀನಿ. ತೋಟಕ್ಕೆ ಇಳೀತೀನಿ, ಜೀಪ್ ಓಡಿಸ್ತೀನಿ, ಕರಿಮೆಣಸಿನ ಏಣಿ ಮಾತ್ರ ಹತ್ತಲ್ಲ.

ಬೆಂಗಳೂರಲ್ಲಿರೋ ಮಗ · ಸೆಪ್ಟೆಂಬರ್ 2

ಎಷ್ಟು ವರ್ಷ ಬರುತ್ತೆ ಇದು? ಅಪ್ಪ ದಿನಾ ಕೇಳ್ತಾರೆ.

ರೋಬಸ್ಟಾ ರೈತ · ಸೆಪ್ಟೆಂಬರ್ 2

ನನ್ನ ಡಾಕ್ಟರು 2019ರ ಲ್ಯಾನ್ಸೆಟ್ ಪತ್ರಿಕೆಯ ಲೆಕ್ಕ ತೋರಿಸಿದ್ರು. ಪೂರ್ತಿ ಕೀಲು ಬದಲಾಯಿಸಿದ್ದರಲ್ಲಿ 25 ವರ್ಷಕ್ಕೂ ಕೆಲಸ ಮಾಡ್ತಿರೋದು ಸುಮಾರು 58 ಶೇಕಡಾ. ನಿಮ್ಮಪ್ಪನಿಗೆ ಸಾಕು. ನನಗೆ ಇನ್ನೊಂದು ಸಲ ಬೇಕಾಗಬಹುದು.

ಲೈನ್ ಮನೆ ಹುಡುಗಿ · ಸೆಪ್ಟೆಂಬರ್ 3

ಅಮ್ಮನಿಗೆ ಹಲ್ಲು ಕೀಳಿಸಬೇಕಂತೆ. ಸೊಂಟದ ಆಪರೇಷನ್ ವಿಷಯ ಹೇಳಬೇಕಾ?

ರಿಟೈರ್ಡ್ ಸಿಸ್ಟರ್ · ಸೆಪ್ಟೆಂಬರ್ 3

ಹೇಳಲೇಬೇಕು. ಬಾಯಿಯ ಸೋಂಕು ರಕ್ತದ ಮೂಲಕ ಕೀಲಿಗೆ ಇಳಿಯಬಹುದು, ಹಾಗಾಗಿ ಕೊಳೆತ ಹಲ್ಲನ್ನ ಹಾಗೇ ಬಿಡೋದೂ ತಪ್ಪು. ಮೊದಲೇ ಆ್ಯಂಟಿಬಯಾಟಿಕ್ ಬೇಕಾ ಬೇಡ್ವಾ ಅನ್ನೋದು ಎಲ್ಲರಿಗೂ ಒಂದೇ ಅಲ್ಲ. ಆಪರೇಷನ್ ಮಾಡಿದ ಡಾಕ್ಟರಿಗೆ ಒಂದು ಫೋನ್ ಮಾಡಿಸಿ. ಇನ್ನೂ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಆ ಚೀಟಿಯನ್ನೂ ಹಲ್ಲಿನ ಡಾಕ್ಟರಿಗೆ ತೋರಿಸಿ.